ಕಾರಾಪುರದ ಹುಡುಗ, ಬಾಗ್ದಾದಿನ ಕಳ್ಳ

ಮೈಸೂರು ಅರಮನೆಯ ಆನೆಲಾಯದ ನೆರಳಿನಲ್ಲಿ ಬೆಳೆದ ಒಬ್ಬ ಅನಾಥ ಮುಸ್ಲಿಂ ಹುಡುಗ, ಮೀಸೆ ಚಿಗುರುವ ವಯಸ್ಸಿಗೆ ಲಂಡನ್ ಮತ್ತು ಹಾಲಿವುಡ್‌ನ ಪೋಸ್ಟರುಗಳ ಮೇಲೆ ದೊಡ್ಡ ಅಕ್ಷರಗಳಲ್ಲಿ ಮೂಡಿದ್ದ. ಪೋಸ್ಟರಿನಲ್ಲಿ ಅವನ ಹೆಸರು ಒಂದೇ ಪದ: ಸಾಬು. ನಮ್ಮ ಕಡೆ 'ಸಾಬ' ಎಂಬ ಪದವನ್ನು ಗೌರವಕ್ಕೂ ಬಳಸುತ್ತಾರೆ, ಗೇಲಿಗೂ ಬಳಸುತ್ತಾರೆ. ಹಳ್ಳಿ ಹಳ್ಳಿಗೆ ಕೊಳವೆಬಾವಿ ಕೊರೆಸಿದ ನಜೀರ್ ಸಾಹೇಬರು 'ನೀರ್‌ಸಾಬ್' ಆದದ್ದು ಪ್ರೀತಿಯಿಂದ. ಆದರೆ ಈ ಸಾಬುವನ್ನು ಅವನ ನಾಡು ಪ್ರೀತಿಯಿಂದಲೂ ಕರೆಯಲಿಲ್ಲ, ಗೇಲಿಯಿಂದಲೂ ಕರೆಯಲಿಲ್ಲ. ಸುಮ್ಮನೆ ಮರೆತುಬಿಟ್ಟಿತು.

ಅವನ ಅತಿ ದೊಡ್ಡ ಚಿತ್ರ 1940ರ 'ದಿ ಥೀಫ್ ಆಫ್ ಬಾಗ್ದಾದ್'. ಹಾರುವ ಕಂಬಳಿ, ಹಾರುವ ಕುದುರೆ, ಸೀಸೆಯೊಳಗಿನ ಜಿನ್, ಎಲ್ಲವನ್ನೂ ಕಾಣುವ ಕಣ್ಣು, ಇವೆಲ್ಲ ಒಂದೇ ಕಥೆಯಲ್ಲಿ ಬರುವ ಚಿತ್ರ ಅದು. ಅದನ್ನು ನಾವು ಇಂದು ನೋಡುವುದು ಮನೆಯ ಟಿವಿಯಲ್ಲಿ, ಡಿಸ್ಕಿನ ಮೂಲಕ. ಹೀಗಾಗಿ ಸಾಬು ನಮಗೆ ಎಷ್ಟು ಕಾಣುತ್ತಾನೆ ಎಂಬುದು ಆ ಡಿಸ್ಕಿನ ಗುಣಮಟ್ಟಕ್ಕೆ ಬಿಟ್ಟ ಮಾತು. ಈ ಲೇಖನ ಅವನ ಬದುಕಿನ ಬಗ್ಗೆಯೂ ಹೌದು, ಆ ಕಾಣುವಿಕೆಯ ಬಗ್ಗೆಯೂ ಹೌದು.

ಸಾಬು ಹುಟ್ಟಿದ್ದು 1924ರ ಜನವರಿ 27ರಂದು, ಹೆಗ್ಗಡದೇವನಕೋಟೆ ತಾಲ್ಲೂಕಿನ ಕಾರಾಪುರದಲ್ಲಿ. ತಂದೆ ಮಹಾರಾಜರ ಸೇವೆಯಲ್ಲಿದ್ದ ಮಾವುತ. ತಾಯಿ ಬೇಗ ತೀರಿಕೊಂಡರು. ಹುಡುಗ ಹತ್ತು ತುಂಬುವ ಮೊದಲೇ ತಂದೆಯೂ ಹೋದರು. ಮೈಸೂರು ಸೀಮೆಯ ಮಾವುತರಲ್ಲಿ ಮುಸ್ಲಿಮರೂ ಜೇನುಕುರುಬರೂ ತಲೆಮಾರುಗಳಿಂದ ಒಟ್ಟಿಗಿದ್ದಾರೆ. ಆನೆಗೆ ಹೇಳುವ ಆಜ್ಞೆಗಳಲ್ಲಿ ಇಂದಿಗೂ ಉರ್ದು ಮಾತುಗಳು ಬೆರೆತಿವೆ. ದಸರೆಯ ದಿನ ಚಾಮುಂಡೇಶ್ವರಿಯ ಅಂಬಾರಿ ಹೊತ್ತ ಆನೆಯ ಕಿವಿಯ ಹಿಂದೆ ಯಾರ ಕಾಲುಬೆರಳು ಒತ್ತುತ್ತದೆ ಎಂದು ಕೇಳಿಕೊಂಡರೆ ಈ ನಾಡಿನ ಬದುಕು ಹೇಗೆ ಹೆಣೆದುಕೊಂಡಿದೆ ಎಂಬುದು ತಿಳಿಯುತ್ತದೆ. ಸಾಬು ಬಂದದ್ದು ಆ ಹೆಣಿಗೆಯ ಒಳಗಿನಿಂದ.

1935ರಲ್ಲಿ ಅಮೆರಿಕದ ಸಾಕ್ಷ್ಯಚಿತ್ರಕಾರ ರಾಬರ್ಟ್ ಫ್ಲಾಹರ್ಟಿ ಮೈಸೂರಿಗೆ ಬಂದ. ಎಸ್ಕಿಮೋಗಳ ಬದುಕನ್ನು ತೋರಿಸಿದ 'ನಾನೂಕ್ ಆಫ್ ದಿ ನಾರ್ತ್' (1922) ಚಿತ್ರದಿಂದ ಹೆಸರಾಗಿದ್ದವನು. ಕಿಪ್ಲಿಂಗನ ಆನೆ ಕಥೆಯೊಂದನ್ನು ಚಿತ್ರ ಮಾಡಲು ಲಂಡನ್ನಿನ ನಿರ್ಮಾಪಕ ಅಲೆಕ್ಸಾಂಡರ್ ಕೊರ್ಡಾ ಅವನನ್ನು ಕಳಿಸಿದ್ದ. ನಾಲ್ವಡಿ ಕೃಷ್ಣರಾಜ ಒಡೆಯರ ಆಡಳಿತ ಆನೆಗಳನ್ನೂ ಕಾಡನ್ನೂ ಒದಗಿಸಿತು. ಕಾಕನಕೋಟೆಯ ಖೆಡ್ಡಾ ಕ್ಯಾಮೆರಾಕ್ಕೆ ಸಿಕ್ಕಿತು. ಅರಮನೆಯ ಆನೆ ಐರಾವತ ಕಥೆಯ ಕಾಲಾನಾಗನಾಯಿತು. ಆನೆ ಸಿಕ್ಕಿತ್ತು, ಹುಡುಗ ಸಿಕ್ಕಿರಲಿಲ್ಲ. ಛಾಯಾಗ್ರಾಹಕ ಆಸ್ಮಂಡ್ ಬೊರಡೈಲ್ ಕಣ್ಣಿಗೆ ಬಿದ್ದವನು ಸಾಬು. 'ಎಲಿಫೆಂಟ್ ಬಾಯ್' 1937ರಲ್ಲಿ ತೆರೆಕಂಡಿತು. ನಿರ್ದೇಶಕರಾದ ಫ್ಲಾಹರ್ಟಿ ಮತ್ತು ಜೋಲ್ಟನ್ ಕೊರ್ಡಾ ಅವರಿಗೆ ವೆನಿಸ್ ಉತ್ಸವದಲ್ಲಿ ಪ್ರಶಸ್ತಿ ಬಂತು. ಅಷ್ಟರಲ್ಲಿ ಹುಡುಗ ಅಣ್ಣನ ಜೊತೆ ಇಂಗ್ಲೆಂಡಿನಲ್ಲಿದ್ದ.

ಹಲವು ಕೋಶಗಳು ಅವನ ಹೆಸರನ್ನು 'ಸಾಬು ದಸ್ತಗೀರ್' ಎಂದು ಬರೆಯುತ್ತವೆ. ಶೇಖ್ ದಸ್ತಗೀರ್ ಎಂಬುದು ಜೊತೆಗೆ ಹೋಗಿ ಅವನ ವ್ಯವಹಾರ ನೋಡಿಕೊಂಡ ಅಣ್ಣನ ಹೆಸರು. ತಮ್ಮನಿಗೂ ಅದೇ ಅಂಟಿಕೊಂಡಿತು. ದಕ್ಖನಿನ ಮುಸ್ಲಿಂ ಮನೆಗಳಿಗೆ ಈ ಹೆಸರಿನ ಅರ್ಥ ಹೇಳಬೇಕಿಲ್ಲ. ಕೈಹಿಡಿದು ಕಾಯುವವನು ಎಂಬ ಅರ್ಥದ ದಸ್ತಗೀರ್, ಬಾಗ್ದಾದಿನಲ್ಲಿ ಮಲಗಿರುವ ಹಜರತ್ ಅಬ್ದುಲ್ ಖಾದರ್ ಜೀಲಾನಿಯವರ ಬಿರುದು. ಅವರ ಹೆಸರಿನ ಗ್ಯಾರವೀ ನಮ್ಮ ಎಷ್ಟೋ ಊರುಗಳಲ್ಲಿ ನಡೆಯುತ್ತದೆ. ಕಾರಾಪುರದ ಮಾವುತನ ಮನೆಗೆ ಬಾಗ್ದಾದ್ ಎಂದರೆ ಒಬ್ಬ ಸಂತನ ಊರು. ಆ ಮನೆಯ ಹುಡುಗ ಜಗತ್ತಿಗೆ ಪರಿಚಯವಾದದ್ದು ಬಾಗ್ದಾದಿನ ಕಳ್ಳನಾಗಿ.

ಅದಕ್ಕೂ ಮುಂಚೆ 1938ರಲ್ಲಿ ಕೊರ್ಡಾ ಅವನನ್ನು 'ದಿ ಡ್ರಮ್' ಎಂಬ ಚಿತ್ರದಲ್ಲಿ ವಾಯವ್ಯ ಗಡಿನಾಡಿನ ರಾಜಕುಮಾರ ಅಜೀಮ್ ಆಗಿಸಿದ್ದ. ಬ್ರಿಟಿಷರಿಗೆ ನಿಷ್ಠನಾದ ಒಳ್ಳೆಯ ಮುಸ್ಲಿಂ ಹುಡುಗ, ಬ್ರಿಟಿಷರ ಮೇಲೆ ಕತ್ತಿ ಮಸೆಯುವ ಕೆಟ್ಟ ಮುಸ್ಲಿಂ ಚಿಕ್ಕಪ್ಪ, ಇಷ್ಟೇ ಕಥೆ. ಚಿಕ್ಕಪ್ಪನ ಪಾತ್ರ ಮಾಡಿದ ರೇಮಂಡ್ ಮ್ಯಾಸಿ ಮುಖಕ್ಕೆ ಕಂದು ಬಣ್ಣ ಬಳಿದುಕೊಂಡಿದ್ದ. ಗಡಿನಾಡಿನ ಹಲವು ಬೆಟ್ಟಗಳು ವೇಲ್ಸ್‌ನವು. ಮುಂಬಯಿ, ಮದರಾಸುಗಳಲ್ಲಿ ಚಿತ್ರದ ವಿರುದ್ಧ ಪ್ರತಿಭಟನೆ ಎದ್ದಿತು. ಪ್ರತಿಭಟಿಸಿದವರ ಸಿಟ್ಟು ನ್ಯಾಯವಾದದ್ದೇ. ಆದರೆ ಆ ಚಿತ್ರದಲ್ಲಿ ಏನು ಹೇಳಬೇಕು, ಏನು ಹೇಳಬಾರದು ಎಂದು ನಿರ್ಧರಿಸುವ ಜಾಗದಲ್ಲಿ ಹದಿನಾಲ್ಕರ ಆ ಹುಡುಗ ಇರಲಿಲ್ಲ ಎಂಬುದನ್ನೂ ನಾವು ನೆನೆಯಬೇಕು.

'ದಿ ಥೀಫ್ ಆಫ್ ಬಾಗ್ದಾದ್' 1939ರಲ್ಲಿ ಇಂಗ್ಲೆಂಡಿನ ಡೆನ್‌ಹ್ಯಾಮ್ ಸ್ಟುಡಿಯೋದಲ್ಲಿ ಶುರುವಾಯಿತು. ಸೆಪ್ಟೆಂಬರ್ ಹೊತ್ತಿಗೆ ಯುದ್ಧ ಬಂತು. ಕೊರ್ಡಾ ಇದನ್ನು ಬದಿಗಿಟ್ಟು ಯುದ್ಧಪ್ರಚಾರದ ಚಿತ್ರವೊಂದಕ್ಕೆ ಕೈಹಾಕಿದ. ಮರುವರ್ಷ ಉಳಿದ ಕೆಲಸವನ್ನು ಅಮೆರಿಕಕ್ಕೆ ಸಾಗಿಸಿದ. ತೆರೆಯ ಮೇಲೆ ನಿರ್ದೇಶಕರೆಂದು ಮೂವರ ಹೆಸರಿದೆ: ಲುಡ್ವಿಗ್ ಬರ್ಗರ್, ಮೈಕೆಲ್ ಪೊವೆಲ್, ಟಿಮ್ ವೀಲನ್. ಹೆಸರಿಲ್ಲದೆ ದುಡಿದವರು ಇನ್ನೂ ಕೆಲವರು. ಕೊರ್ಡಾ ಸಹೋದರರು ಹಂಗೇರಿಯ ಯಹೂದಿಗಳು. ವಜೀರ ಜಾಫರನ ಪಾತ್ರಧಾರಿ ಕಾನ್ರಾಡ್ ವೈಡ್, ಯಹೂದಿ ಹೆಂಡತಿಯೊಂದಿಗೆ ಹಿಟ್ಲರನ ಜರ್ಮನಿ ಬಿಟ್ಟು ಬಂದವನು. ಜಿನ್ ಆದವನು ರೆಕ್ಸ್ ಇನ್‌ಗ್ರಾಮ್ ಎಂಬ ಕಪ್ಪುವರ್ಣದ ಅಮೆರಿಕನ್. ಕಳ್ಳ ಅಬು ನಮ್ಮ ಸಾಬು. ಯುರೋಪಿನಲ್ಲಿ ಜನಾಂಗದ ಹೆಸರಿನಲ್ಲಿ ಮನುಷ್ಯರನ್ನು ಬೇಟೆಯಾಡುತ್ತಿದ್ದ ವರ್ಷಗಳಲ್ಲಿ ಇವರೆಲ್ಲ ಸೇರಿ ಒಂದು ಸುಳ್ಳು ಬಾಗ್ದಾದನ್ನು ಕಟ್ಟಿದರು. ಚಿತ್ರಕ್ಕೆ ಮೂರು ಆಸ್ಕರ್‌ಗಳು ಬಂದವು: ಬಣ್ಣದ ಛಾಯಾಗ್ರಹಣಕ್ಕೆ, ಕಲಾನಿರ್ದೇಶನಕ್ಕೆ, ಚಮತ್ಕಾರ ದೃಶ್ಯಗಳಿಗೆ.

ಈಗ ಬಣ್ಣದ ಮಾತಿಗೆ ಬರೋಣ. ಅಂದಿನ ಟೆಕ್ನಿಕಲರ್ ಕ್ಯಾಮೆರಾದೊಳಗೆ ಮೂರು ಕಪ್ಪು-ಬಿಳುಪು ಫಿಲ್ಮುಗಳು ಒಟ್ಟಿಗೆ ಓಡುತ್ತಿದ್ದವು. ಗಾಜಿನ ಪಟ್ಟಕವೊಂದು ಬೆಳಕನ್ನು ಸೀಳುತ್ತಿತ್ತು. ಕೆಂಪಿನ ಲೆಕ್ಕ ಒಂದರಲ್ಲಿ, ಹಸಿರಿನದು ಇನ್ನೊಂದರಲ್ಲಿ, ನೀಲಿಯದು ಮತ್ತೊಂದರಲ್ಲಿ ದಾಖಲಾಗುತ್ತಿತ್ತು. ಮುದ್ರಿಸುವಾಗ ಮೂರು ಅಚ್ಚುಗಳನ್ನು ಮಾಡಿ, ಒಂದೊಂದಕ್ಕೂ ಒಂದೊಂದು ಬಣ್ಣ ಕುಡಿಸಿ, ಒಂದೇ ಪಟ್ಟಿಯ ಮೇಲೆ ಒಂದಾದ ಮೇಲೊಂದು ಒತ್ತುತ್ತಿದ್ದರು. ನಾನಿರುವ ತಲಘಟ್ಟಪುರದಲ್ಲಿ ರೇಷ್ಮೆ ಸಂಶೋಧನಾ ಸಂಸ್ಥೆಯಿದೆ. ಅದರ ಹೆಸರಿನ ಮೆಟ್ರೋ ನಿಲ್ದಾಣ 2021ರಲ್ಲಿ ತೆರೆಯಿತು. ರೇಷ್ಮೆಯ ನಂಟಿರುವ ಈ ಕಡೆಯವರಿಗೆ ಬಟ್ಟೆಯ ಉಪಮೆಯಲ್ಲೇ ಹೇಳುವುದು ಸುಲಭ. ಸೀರೆಯ ಮೇಲೆ ಅಚ್ಚು ಒತ್ತುವಾಗ ಹೂವಿಗೊಂದು ಅಚ್ಚು, ಎಲೆಗೊಂದು ಅಚ್ಚು. ಎರಡನೆಯ ಅಚ್ಚು ಕೂದಲೆಳೆಯಷ್ಟು ಸರಿದರೂ ಹೂವಿನ ಕೆಂಪು ಎಲೆಯ ಮೇಲೆ ಚೆಲ್ಲುತ್ತದೆ. ಟೆಕ್ನಿಕಲರ್ ಚಿತ್ರದ ಕಷ್ಟವೂ ಅದೇ. ವರ್ಷಗಳು ಕಳೆದಂತೆ ನೆಗೆಟಿವ್‌ಗಳು ಕುಗ್ಗುತ್ತವೆ. ಮೂರೂ ಒಂದೇ ಅಳತೆಯಲ್ಲಿ ಕುಗ್ಗುವುದಿಲ್ಲ. ಮತ್ತೆ ಜೋಡಿಸಿದಾಗ ಮುಖದ ಅಂಚಿನಲ್ಲಿ ಕೆಂಪು, ಹಸಿರು ಗೆರೆಗಳು ಏಳುತ್ತವೆ. ಗೆರೆ ಏಳದಂತೆ ಮಾಡಬೇಕಾದರೆ ಒಂದೊಂದು ಚೌಕಟ್ಟನ್ನೂ ಕಂಪ್ಯೂಟರಿನಲ್ಲಿ ಹೊಂದಿಸಬೇಕು. ಅದಕ್ಕೆ ಹಣ ಬೇಕು, ಸಮಯ ಬೇಕು, ಇದು ಉಳಿಯಬೇಕಾದ ವಸ್ತು ಎಂಬ ನಂಬಿಕೆ ಬೇಕು.

ಇವು ಇಲ್ಲದ ಕಡೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಮನೆಗಳ ಇತಿಹಾಸವೇ ಸಾಕ್ಷಿ. 1980ರ ದಶಕದಲ್ಲಿ ಮದುವೆ ಮನೆಗೆ ಟಿವಿ, ವಿಸಿಪಿ ಬಾಡಿಗೆಗೆ ತಂದು ರಾತ್ರಿಯಿಡೀ ಮೂರು ಚಿತ್ರ ನೋಡುತ್ತಿದ್ದ ಕಾಲ. ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ ಇಳಿಸಿದ ಪ್ರತಿಯಲ್ಲಿ ಬಣ್ಣ ಸೋರಿ, ಗೆರೆಗಳು ಕುಣಿಯುತ್ತಿದ್ದವು. ಆಮೇಲೆ ವಿಸಿಡಿ ಬಂತು. ಒಂದು ಡಿಸ್ಕಿನಲ್ಲಿ 74 ನಿಮಿಷ ಹಿಡಿಯುತ್ತಿತ್ತು. 106 ನಿಮಿಷದ ಬಾಗ್ದಾದ್ ಎರಡು ತುಂಡಾಗಲೇಬೇಕಿತ್ತು. ವಿಸಿಡಿಯ ಒಂದು ಚೌಕಟ್ಟಿನಲ್ಲಿ ಅಡ್ಡಕ್ಕೆ 352, ಉದ್ದಕ್ಕೆ 288 ಚುಕ್ಕಿಗಳು. ಒಟ್ಟು ಒಂದು ಲಕ್ಷದ ಆಸುಪಾಸು. ಡಿವಿಡಿಯಲ್ಲಿ 720ಕ್ಕೆ 576, ಅಂದರೆ ನಾಲ್ಕು ಲಕ್ಷ ದಾಟುತ್ತದೆ. ಬ್ಲೂ-ರೇಯಲ್ಲಿ ಇಪ್ಪತ್ತು ಲಕ್ಷ ಮೀರುತ್ತದೆ. ಆದರೆ ಚುಕ್ಕಿಗಳು ಹೆಚ್ಚಿದ ಮಾತ್ರಕ್ಕೆ ಚಿತ್ರ ಚೆನ್ನಾಗುವುದಿಲ್ಲ. ಮಾಸಿದ ಪ್ರತಿಯನ್ನು ಇಪ್ಪತ್ತು ಲಕ್ಷ ಚುಕ್ಕಿಗಳಲ್ಲಿ ತೋರಿಸಿದರೆ ಆ ಮಾಸಲು ಇನ್ನಷ್ಟು ಸ್ಪಷ್ಟವಾಗಿ ಕಾಣುತ್ತದೆ, ಅಷ್ಟೇ.

ಪ್ರತಿಯಿಂದ ಪ್ರತಿ ತೆಗೆದಾಗ ಮೊದಲು ಸಾಯುವುದು ನೆರಳಿನ ಭಾಗ. ಬೆಳಕಿರುವಲ್ಲಿ ವಿವರ ಹೇಗೋ ಉಳಿಯುತ್ತದೆ. ಕತ್ತಲಿರುವಲ್ಲಿ ಕಂದು, ಕಪ್ಪು, ಕಡುನೀಲಿ ಎಲ್ಲ ಒಂದೇ ಮಸಿಯಾಗುತ್ತವೆ. ವಿಸಿಡಿಯಲ್ಲಂತೂ ಕತ್ತಲ ದೃಶ್ಯ ಚೌಕ ಚೌಕವಾಗಿ ಒಡೆಯುತ್ತದೆ. ಇದರ ಫಲ ಏನೆಂದರೆ, ಕೆಟ್ಟ ಪ್ರತಿಯಲ್ಲಿ ರಾಜಕುಮಾರನಾದ ಬಿಳಿಯ ನಟ ಜಾನ್ ಜಸ್ಟಿನ್ ಕಾಣುತ್ತಾನೆ, ರಾಜಕುಮಾರಿ ಜೂನ್ ದುಪ್ರೇ ಕಾಣುತ್ತಾಳೆ. ಸಾಬು ಮತ್ತು ರೆಕ್ಸ್ ಇನ್‌ಗ್ರಾಮ್ ಕಣ್ಣು, ಹಲ್ಲು ಮಾತ್ರ ಮಿನುಗುವ ನೆರಳುಗಳಾಗುತ್ತಾರೆ. ದೇವಿಯ ಗುಡಿಯೊಳಗೆ ದೈತ್ಯ ಜೇಡನೊಡನೆ ಅಬು ಸೆಣಸುವ ದೃಶ್ಯದಲ್ಲಿ ಹುಡುಗನೇ ಕಳೆದುಹೋಗುತ್ತಾನೆ. ಕಥೆಯ ನಾಯಕ ನಿಜಕ್ಕೂ ಆ ಇಬ್ಬರೇ. ಯಾರೂ ಬೇಕೆಂದು ಮಾಡಿದ ಅನ್ಯಾಯವಲ್ಲ ಇದು. ಆದರೆ ಅಗ್ಗದ ಪ್ರತಿಯ ಬೆಲೆಯನ್ನು ಮೊದಲು ತೆರುವವರು ಕಪ್ಪು ಮೈಯವರು ಎಂಬುದಂತೂ ನಿಜ.

ನೆರೆಮನೆಯ ಮಕ್ಕಳಿಗೆ ಒಂದು ಸಂಜೆ ಎರಡು ಪ್ರತಿಗಳನ್ನೂ ತೋರಿಸಿದೆ. ಅಗ್ಗದ್ದರಲ್ಲಿ ಅವರಿಗೆ ಜಿನ್ ಒಂದು ರಾಕ್ಷಸ, ಅಷ್ಟೇ. ಒಳ್ಳೆಯ ಡಿಸ್ಕಿನಲ್ಲಿ ಅದೇ ಜಿನ್ ನಗುವುದನ್ನು, ಯೋಚಿಸುವುದನ್ನು ಅವರು ಕಂಡರು. ಸೀಸೆಯೊಳಗೆ ಎರಡು ಸಾವಿರ ವರ್ಷ ಕೂತವನ ಸಿಟ್ಟು ಯಾಕೆ ಎಂದು ಕೇಳಿದರು. ಒಬ್ಬಳಂತೂ ಅಬುವನ್ನು ನೋಡಿ, "ಈತ ನಮ್ಮ ಕಡೆಯವನ ಥರ ಇದ್ದಾನಲ್ಲ" ಎಂದಳು. ಹೌದು, ನಮ್ಮ ಕಡೆಯವನೇ ಎಂದೆ.

ಆ ಒಳ್ಳೆಯ ಡಿಸ್ಕು 2008ರಲ್ಲಿ ಅಮೆರಿಕದ ಕ್ರೈಟೀರಿಯನ್ ಸಂಸ್ಥೆ ತಂದದ್ದು. ಎರಡು ಡಿಸ್ಕುಗಳ ಆ ಕಟ್ಟಿನಲ್ಲಿ ಮಾರ್ಟಿನ್ ಸ್ಕಾರ್ಸೇಸಿ ಮತ್ತು ಫ್ರಾನ್ಸಿಸ್ ಫೋರ್ಡ್ ಕೊಪ್ಪೊಲಾ ಚಿತ್ರದ ಜೊತೆಜೊತೆಗೇ ತಮ್ಮ ಮಾತು ಸೇರಿಸಿದ್ದಾರೆ. 2011ರಲ್ಲಿ ಅದೇ ಸಂಸ್ಥೆ 'ಸಾಬು!' ಎಂಬ ಹೆಸರಿನಲ್ಲೇ ಇನ್ನೊಂದು ಕಟ್ಟು ತಂದಿತು. ಅದರಲ್ಲಿ 'ಎಲಿಫೆಂಟ್ ಬಾಯ್', 'ದಿ ಡ್ರಮ್' ಮತ್ತು 1942ರ 'ಜಂಗಲ್ ಬುಕ್' ಇವೆ. ಈ ಕೊನೆಯದರ ಹಕ್ಕು ಅಮೆರಿಕದಲ್ಲಿ ಯಾರ ಕೈಯಲ್ಲೂ ಉಳಿದಿರಲಿಲ್ಲ. ಹೀಗಾಗಿ ಯಾರು ಬೇಕಾದರೂ ಅಚ್ಚು ಹಾಕಿದ ಮಂಕು ಪ್ರತಿಗಳಲ್ಲೇ ಅದು ದಶಕಗಳ ಕಾಲ ಅಲೆಯಿತು. ಎಲ್ಲರ ಸೊತ್ತಾದದ್ದನ್ನು ಕಾಪಾಡುವ ಹೊಣೆ ಯಾರದೂ ಅಲ್ಲ ಎನ್ನುವುದು ನಮ್ಮ ಕೆರೆಗಳಿಗಷ್ಟೇ ಅನ್ವಯಿಸುವ ಮಾತಲ್ಲ.

ಒಳ್ಳೆಯ ಪ್ರತಿ ಹುಳುಕುಗಳನ್ನೂ ತೋರಿಸುತ್ತದೆ. ನಟನನ್ನು ನೀಲಿ ಪರದೆಯ ಮುಂದೆ ನಿಲ್ಲಿಸಿ, ಆಮೇಲೆ ಪರದೆಯನ್ನು ಕಳೆದು ಬೇರೆ ದೃಶ್ಯ ಜೋಡಿಸುವ ವಿಧಾನವನ್ನು ಲಾರೆನ್ಸ್ ಬಟ್ಲರ್ ಈ ಚಿತ್ರದಲ್ಲೇ ದೊಡ್ಡ ಪ್ರಮಾಣದಲ್ಲಿ ಪಳಗಿಸಿದ. ಜಿನ್‌ನ ಅಂಗೈಯಲ್ಲಿ ಅಬು ನಿಂತಾಗ ಅವನ ಸುತ್ತ ತೆಳುವಾದ ನೀಲಿ ಅಂಚು ಕಾಣುತ್ತದೆ. ಇಂದಿನ ತಂತ್ರದಿಂದ ಅದನ್ನು ಅಳಿಸಿಬಿಡಬಹುದು. ಅಳಿಸಬಾರದು ಎಂಬುದು ನನ್ನ ಅಭಿಪ್ರಾಯ. ಕಾಲ ಮಾಡಿದ ಗಾಯವನ್ನು ವಾಸಿಮಾಡುವುದು ಬೇರೆ, ಅಂದಿನ ಕೈಗಳ ಗುರುತನ್ನೇ ಒರೆಸುವುದು ಬೇರೆ. ಹಾಗೆಯೇ ಈ ಚಿತ್ರದ ಚೌಕಟ್ಟು ಹೆಚ್ಚುಕಡಿಮೆ ನಾಲ್ಕಕ್ಕೆ ಮೂರು. ಅಗಲದ ಟಿವಿಗೆ ತುಂಬಿಸಲು ಎಳೆದರೆ ಬಡಕಲು ಅಬು ಪೈಲ್ವಾನನಾಗುತ್ತಾನೆ. ಎರಡು ಬದಿಯ ಕಪ್ಪು ಪಟ್ಟಿ ದೋಷವಲ್ಲ, ಪ್ರಾಮಾಣಿಕತೆ.

ಪ್ರತಿ ಎಷ್ಟೇ ಚೆನ್ನಾಗಿದ್ದರೂ ಅದರೊಳಗಿನ ಬಾಗ್ದಾದ್ ನಿಜವಲ್ಲ ಎಂಬುದನ್ನೂ ಹೇಳಬೇಕು. ಅಲಿಫ್ ಲೈಲಾದ ತುಣುಕುಗಳನ್ನು ಕಲಸಿ ಮಾಡಿದ ಆ ಪಟ್ಟಣದಲ್ಲಿ ಸುಲ್ತಾನರೆಲ್ಲ ಮರುಳರು, ವಜೀರರೆಲ್ಲ ದ್ರೋಹಿಗಳು. ಇತಿಹಾಸದ ಜಾಫರ್, ಬರ್ಮಕಿ ಮನೆತನದವನು, ಖಲೀಫ ಹಾರೂನ್ ಅಲ್ ರಶೀದರ ವಜೀರ. ಆ ಮನೆತನ ವಿದ್ವಾಂಸರನ್ನು ಪೋಷಿಸಿದ್ದಕ್ಕೆ ಹೆಸರಾದದ್ದು. ಕ್ರಿ.ಶ. 803ರಲ್ಲಿ ಖಲೀಫನ ಆಜ್ಞೆಯಿಂದಲೇ ಅವನ ತಲೆ ಉರುಳಿತು. ಸಿನಿಮಾ ಅವನನ್ನು ಮಾಟಗಾರ ಖಳನನ್ನಾಗಿಸಿತು. 1992ರಲ್ಲಿ ಡಿಸ್ನಿಯ 'ಅಲಾದ್ದೀನ್' ಬಂದಾಗ ಖಳನ ಹೆಸರು ಮತ್ತೆ ಜಾಫರ್. ಅಬು ಎಂಬ ಹೆಸರೂ ಅಲ್ಲಿದೆ, ಆದರೆ ಅದೀಗ ಒಂದು ಕೋತಿಯದು. ಕಾರಾಪುರದ ಹುಡುಗ ಜೀವ ತುಂಬಿದ ಪಾತ್ರ ಐವತ್ತು ವರ್ಷಗಳಲ್ಲಿ ಎಲ್ಲಿಗೆ ಬಂದು ನಿಂತಿತು ನೋಡಿ. ಮೂಲದ ಒಳ್ಳೆಯ ಪ್ರತಿ ಕೈಗೆ ಸಿಗದಿದ್ದರೆ ಜನರ ನೆನಪಿನಲ್ಲಿ ಉಳಿಯುವುದು ಕೋತಿಯೇ. 2003ರ ಏಪ್ರಿಲ್‌ನಲ್ಲಿ ನಿಜವಾದ ಬಾಗ್ದಾದಿನ ವಸ್ತುಸಂಗ್ರಹಾಲಯ ಲೂಟಿಯಾಗಿ, ಗ್ರಂಥಾಲಯ ಹೊತ್ತಿ ಉರಿಯಿತು. ಆಗ ಆ ಊರಿನ ಬಗ್ಗೆ ಜಗತ್ತಿನ ಬಹುಪಾಲು ಜನರಿಗೆ ಗೊತ್ತಿದ್ದದ್ದು ಕಂಬಳಿ ಮತ್ತು ಜಿನ್ ಮಾತ್ರ.

ಚಿತ್ರದ ಕೊನೆಯಲ್ಲಿ ರಾಜ ಅಬುವನ್ನು ಶಾಲೆಗೆ ಕಳಿಸಿ ಮುಂದೆ ವಜೀರನನ್ನಾಗಿ ಮಾಡುವೆನೆಂದು ಸಾರುತ್ತಾನೆ. ಹುಡುಗ ಕಂಬಳಿ ಏರಿ ಹಾರಿಹೋಗುತ್ತಾನೆ. ಸಾಬು ಕೂಡ ಹಾರಿದ, ಆದರೆ ಅವನ ಆಕಾಶ ಕಿರಿದಾಗುತ್ತಾ ಹೋಯಿತು. ಯೂನಿವರ್ಸಲ್ ಸಂಸ್ಥೆಯ 'ಅರೇಬಿಯನ್ ನೈಟ್ಸ್' (1942), 'ಕೋಬ್ರಾ ವುಮನ್' (1944) ಮುಂತಾದವುಗಳಲ್ಲಿ ನಾಯಕನ ಗೆಳೆಯನಾಗಿ ಉಳಿದ. 1944ರಲ್ಲಿ ಅಮೆರಿಕದ ಪೌರನಾಗಿ, ವಾಯುಪಡೆ ಸೇರಿ, ಬಿ-24 ಬಾಂಬರ್ ವಿಮಾನದ ಬಾಲದ ತುದಿಯಲ್ಲಿ ಕೂತು ಬಂದೂಕು ಹಿಡಿದ. ಶೌರ್ಯಕ್ಕಾಗಿ ಪದಕವೂ ಬಂತು. ಹಿಂತಿರುಗಿದಾಗ ಬೆಳೆದ ಕಂದು ಗಂಡಸಿಗೆ ಹಾಲಿವುಡ್‌ನಲ್ಲಿ ದೊಡ್ಡ ಪಾತ್ರಗಳಿರಲಿಲ್ಲ. ಮೆಹಬೂಬ್ ಖಾನ್ 'ಮದರ್ ಇಂಡಿಯಾ' (1957) ಚಿತ್ರದ ಬಿರ್ಜು ಪಾತ್ರಕ್ಕೆ ಅವನನ್ನೇ ಬಯಸಿದ್ದರು. ಇಲ್ಲಿ ದುಡಿಯಲು ಪರವಾನಗಿ ಸಿಗಲಿಲ್ಲ, ಪಾತ್ರ ಸುನಿಲ್ ದತ್ತರಿಗೆ ಹೋಯಿತು. ಮೈಸೂರಿನಲ್ಲಿ ಹುಟ್ಟಿದವನು ಭಾರತದ ಕಾಗದಪತ್ರಗಳಲ್ಲಿ ಪರದೇಶಿಯಾಗಿದ್ದ. 1960ರಲ್ಲಿ ಅಣ್ಣ ದಸ್ತಗೀರ್ ಲಾಸ್ ಏಂಜಲೀಸ್‌ನ ತನ್ನ ಅಂಗಡಿಯಲ್ಲಿ ದರೋಡೆಕೋರರ ಗುಂಡಿಗೆ ಬಲಿಯಾದ. 1963ರ ಡಿಸೆಂಬರ್ 2ರಂದು ಸಾಬು ಹೃದಯಾಘಾತದಿಂದ ತೀರಿಕೊಂಡ. ವಯಸ್ಸು 39.

ಅವನ ಚಿತ್ರಗಳು ಹೊರನಾಡಿನಲ್ಲಾದರೂ ಉಳಿದವು. ನಮ್ಮಲ್ಲೇ ಹುಟ್ಟಿದ ಚಿತ್ರಗಳ ಗತಿ ಅದಕ್ಕಿಂತ ಕಷ್ಟದ್ದು. 1934ರ ಮೊದಲ ಕನ್ನಡ ವಾಕ್ಚಿತ್ರ 'ಸತಿ ಸುಲೋಚನ'ದ ಪ್ರತಿ ಉಳಿದಿಲ್ಲ. ರಾಜ್‌ಕುಮಾರ್ ಅವರ 'ಸತ್ಯ ಹರಿಶ್ಚಂದ್ರ' (1965) ಕಪ್ಪು-ಬಿಳುಪಿನ ಚಿತ್ರ. ಕ್ರೈಟೀರಿಯನ್ನಿನ ಬಾಗ್ದಾದ್ ಬಂದ 2008ರಲ್ಲೇ ಅದಕ್ಕೆ ಹೊಸದಾಗಿ ಬಣ್ಣ ಹಚ್ಚಿ ಬಿಡುಗಡೆ ಮಾಡಲಾಯಿತು. ಅಲ್ಲಿ ಇದ್ದ ಬಣ್ಣವನ್ನು ಮರಳಿ ತಂದರು, ಇಲ್ಲಿ ಇಲ್ಲದ ಬಣ್ಣವನ್ನು ತುಂಬಿದರು. ಜನ ಥಿಯೇಟರಿಗೆ ಬಂದರು ಎನ್ನುವುದು ಸಂತೋಷವೇ. ಆದರೆ ಮೂಲವನ್ನು ಮೂಲವಾಗಿಯೇ ಉಳಿಸುವ ಕೆಲಸ ಬೇರೆ. ಅದೂ ಸಾಧ್ಯ ಎಂದು 'ಘಟಶ್ರಾದ್ಧ' (1977) ತೋರಿಸಿತು. ಜೀರ್ಣೋದ್ಧಾರಗೊಂಡ ಅದರ ಪ್ರತಿ 2024ರಲ್ಲಿ ವೆನಿಸ್‌ನಲ್ಲಿ ಪ್ರದರ್ಶನಗೊಂಡಿತು. ಎಂಬತ್ತೇಳು ವರ್ಷಗಳ ಹಿಂದೆ ನಮ್ಮ ಕಾಡಿನ 'ಎಲಿಫೆಂಟ್ ಬಾಯ್' ಪ್ರಶಸ್ತಿ ಪಡೆದದ್ದೂ ಅದೇ ಉತ್ಸವದಲ್ಲಿ.

'ಎಲಿಫೆಂಟ್ ಬಾಯ್' ನಮ್ಮ ಪಾಲಿಗೆ ಕಥೆಯಷ್ಟೇ ಅಲ್ಲ, ದಾಖಲೆಯೂ ಹೌದು. ಕಬಿನಿ ಅಣೆಕಟ್ಟು 1974ರಲ್ಲಿ ಮುಗಿದಾಗ ಕಾಕನಕೋಟೆಯ ಕಾಡಿನ ಒಂದು ಭಾಗ ನೀರಿನಡಿ ಹೋಯಿತು. ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಆ ಕಾಡು, ಆ ಆನೆಗಳು, ಅಂದಿನ ಮಾವುತರ ಮುಖಗಳು ಆ ಚಿತ್ರದಲ್ಲಿವೆ. ಕಾರಾಪುರಕ್ಕೆ ಈಗ ಹುಲಿ, ಆನೆ ನೋಡಲು ಪ್ರವಾಸಿಗರು ಬರುತ್ತಾರೆ. ಅಲ್ಲಿಂದ ಹೋದ ಹುಡುಗನ ಹೆಸರು ಅವರಿಗೆ ಯಾರಾದರೂ ಹೇಳಬೇಕು.

ಮುಸ್ಲಿಂ ಸಮುದಾಯಕ್ಕೂ ಇಲ್ಲಿ ಒಂದು ಮಾತಿದೆ. ಸಿನಿಮಾ ನಮ್ಮದಲ್ಲ ಎಂಬ ಹಿರಿಯರ ಹಿಂಜರಿಕೆ ನಮ್ಮ ಹಲವು ಮನೆಗಳಲ್ಲಿದೆ. ಅದರ ಬಗ್ಗೆ ವಾದಕ್ಕೆ ಇಳಿಯುವುದು ಈ ಲೇಖನದ ಕೆಲಸವಲ್ಲ. ಆದರೆ ಇತಿಹಾಸವೂ ನಮ್ಮದಲ್ಲ ಎನ್ನಲಾದೀತೇ? ಅರಮನೆಯ ದಿವಾನರು, ಸೇನಾನಿಗಳು ನಮ್ಮ ಹೆಮ್ಮೆಯ ಪಟ್ಟಿಯಲ್ಲಿದ್ದಾರೆ. ಆನೆಲಾಯದ ಅನಾಥ ಹುಡುಗನಿಗೂ ಅಲ್ಲಿ ಜಾಗ ಇರಬೇಕು.

ಮೈಸೂರಿನಲ್ಲಿ ದಸರೆಗೆ ಚಲನಚಿತ್ರೋತ್ಸವ ನಡೆಯುತ್ತದೆ. ಒಂದು ವರ್ಷ ಅಲ್ಲಿ ಈ ಎರಡು ಚಿತ್ರಗಳನ್ನು ಸಿಗುವ ಅತ್ಯುತ್ತಮ ಪ್ರತಿಯಲ್ಲಿ, ಕನ್ನಡದ ಅಡಿಬರಹದೊಂದಿಗೆ ತೋರಿಸುವುದು ದೊಡ್ಡ ಖರ್ಚಿನ ಮಾತಲ್ಲ. ಅರಮನೆ ಆವರಣದ ಬಿಡಾರಗಳಲ್ಲಿರುವ ಮಾವುತರ ಮಕ್ಕಳನ್ನು ಮುಂದಿನ ಸಾಲಿನಲ್ಲಿ ಕೂರಿಸಬೇಕು. ಐರಾವತನ ಮೇಲೆ ಕುಳಿತ ಹುಡುಗ ಯಾರು, ಯಾರ ಮಗ ಎಂದು ಅವರಿಗೆ ಯಾರೂ ಬಿಡಿಸಿ ಹೇಳಬೇಕಾಗುವುದಿಲ್ಲ. ಪ್ರತಿ ಚೆನ್ನಾಗಿದ್ದರೆ ಸಾಕು.